ಮೆಕ್ಯಾನಿಕಲ್ ಸೀಟು, ರೊಬೋಟಿನ ಆಸೆ

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದವನು. ಹತ್ತರವರೆಗೆ ಕನ್ನಡ ಮೀಡಿಯಂ. ಈಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೇ ಸೆಮಿಸ್ಟರ್. ಆಸೆ ಇದ್ದದ್ದು ರೊಬೋಟಿಕ್ಸ್ ಮತ್ತು ಆಟೊಮೇಶನ್ ಬ್ರಾಂಚ್ ಮೇಲೆ, ರ‍್ಯಾಂಕ್ ಸಾಲಲಿಲ್ಲ. ಸೀಟು ಬಿಟ್ಟು ಮತ್ತೆ ಎಂಟ್ರೆನ್ಸ್ ಬರೆಯಲೇ? ಮನೆಯಲ್ಲಿ ಅಡಿಕೆ ತೋಟ ಇದೆ. ಅಪ್ಪ 'ಸುಮ್ನೆ ಇದ್ದದ್ದನ್ನು ಓದು' ಅಂತಾರೆ.

ಉತ್ತರ: ಸೀಟು ಬಿಡಬೇಡಿ. ಅಪ್ಪನ ಮಾತಿನಲ್ಲಿ ಆ 'ಸುಮ್ನೆ' ಒಂದನ್ನು ತೆಗೆದರೆ ಉಳಿದದ್ದೆಲ್ಲ ಸರಿ.

ರೊಬೋಟ್ ಅಂದರೆ ಕೋಡಿಂಗ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಮ್ಮ ತೋಟದ ದೋಟಿಯನ್ನೇ ನೋಡಿ. ಗೊನೆ ತೆಗೆಯಲು, ಮದ್ದು ಬಿಡಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ ಅಲ್ವಾ, ಯಾಕೆ ಬಂತು? ಹಗುರ, ಮತ್ತು ಬಾಗುವುದು ಕಡಿಮೆ. ಓರೆಯಾಗಿ ಹಿಡಿದ ಕೋಲಿನ ತುದಿಯಲ್ಲಿ ಭಾರ ಇದ್ದರೆ, ಉದ್ದ ಎರಡು ಪಟ್ಟಾದಾಗ ಬಾಗುವುದು ಎಂಟು ಪಟ್ಟಾಗುತ್ತದೆ. ರೊಬೋಟಿನ ತೋಳಿಗೂ ಇದೇ ಗೋಳು. ಪ್ರೋಗ್ರಾಂ ಪ್ರಕಾರ ತುದಿ ಒಂದು ಕಡೆ, ನಿಜವಾಗಿ ಇರುವುದು ಇನ್ನೊಂದು ಕಡೆ. ಇದನ್ನು ಸರಿಮಾಡುವವನು ಮೆಕ್ಯಾನಿಕಲ್‌ನವನೇ.

ನಾನು ಓದುವಾಗ ಪ್ರಾಜೆಕ್ಟಿಗೆ ಅಂತ ಅರ್ಧ ಮೀಟರ್ ತೋಳು ಮಾಡಿ, ಅಗ್ಗದ ನೀಲಿ ಸರ್ವೊ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರ್) ಹಾಕಿ, ಎಲ್ಲರ ಮುಂದೆ ಆನ್ ಮಾಡಿದೆ. ಅದು ನಡುಗಿ ಕೆಳಗೆ ಬಿತ್ತು. ಲೆಕ್ಕ ಮಾಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಆ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, 1 ಸೆಂ.ಮೀ. ದೂರದಲ್ಲಿ ಸುಮಾರು 1.8 ಕಿಲೋ ತಡೆಯುತ್ತದೆ, 50 ಸೆಂ.ಮೀ.ಗೆ ಹೋದರೆ ಬರೀ 36 ಗ್ರಾಂ. ಒಂದು ಹಣ್ಣಡಿಕೆ ಎತ್ತಿದರೆ ಪುಣ್ಯ, ಅದೂ ತೋಳಿನ ಸ್ವಂತ ತೂಕ ಸೇರಿಸದೆ!

ಹಳೆಯ ಕಥೆಯೂ ಇದನ್ನೇ ಹೇಳುತ್ತದೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಯುನಿಮೇಟ್ ಎಂಬ ರೊಬೋಟ್ ತೋಳು, ಅಚ್ಚಿನಿಂದ ಬಿಸಿ ಬಿಸಿ ಲೋಹದ ಭಾಗಗಳನ್ನು ಎತ್ತಿಡುತ್ತಿತ್ತು. ಅದು ಓಡುತ್ತಿದ್ದದ್ದು ಹೈಡ್ರಾಲಿಕ್ಸ್ ಮೇಲೆ, ಅಂದರೆ ದ್ರವದ ಒತ್ತಡದಿಂದ. ತೋಳಿನ ಪ್ರತಿ ಗಂಟನ್ನೂ ನಾಲ್ಕು ಅಂಕಿಗಳಲ್ಲಿ ಹಿಡಿದಿಡುವ ಪದ್ಧತಿಯನ್ನು ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ 1955ರಲ್ಲೇ ಕೊಟ್ಟರು, ಇಬ್ಬರೂ ಯಂತ್ರಗಳ ಚಲನೆಯ ಬಗ್ಗೆ ಕೆಲಸ ಮಾಡುತ್ತಿದ್ದವರು. ನಿಮ್ಮ ಸಿಲಬಸ್‌ನಲ್ಲಿ ಬರುವ ಕೈನೆಮ್ಯಾಟಿಕ್ಸ್ (ಚಲನೆಯ ಲೆಕ್ಕ) ಇದರ ಅಣ್ಣ. ಈ ಪದ್ಧತಿ ನಡೆಯುವುದು ಮ್ಯಾಟ್ರಿಕ್ಸ್ ಗಣಿತದಲ್ಲಿ, ಅದನ್ನು ಪಾಸಾಗಲು ಮಾತ್ರ ಓದಿದ್ದರೆ ಈ ರಜೆಯಲ್ಲಿ ಇನ್ನೊಮ್ಮೆ ಓದಿ.

ಹಾಗಂತ ಕೊರತೆ ಇಲ್ಲ ಅನ್ನುವುದಿಲ್ಲ. ಕಂಟ್ರೋಲ್, ಎಲೆಕ್ಟ್ರಾನಿಕ್ಸ್, ಕೋಡಿಂಗ್ ನಮ್ಮ ಬ್ರಾಂಚ್‌ನಲ್ಲಿ ಕಡಿಮೆ, ಅದನ್ನು ನೀವೇ ತುಂಬಿಕೊಳ್ಳಬೇಕು. ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿಯಿರಿ. ಒಂದು ಆರ್ಡುಯಿನೊ (ಮೋಟಾರ್, ಸೆನ್ಸರ್ ಜೋಡಿಸಿ ನಡೆಸುವ ಚಿಕ್ಕ ಬೋರ್ಡ್) ತಗೊಳ್ಳಿ. ಆಮೇಲೆ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು (ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್) ಹಾಕಿ ಆರ್‌ಒಎಸ್ 2 (ರೊಬೋಟ್ ನಡೆಸುವ ಸಾಫ್ಟ್‌ವೇರ್) ಮತ್ತು ಗಜೀಬೊ (ಕಂಪ್ಯೂಟರಿನಲ್ಲೇ ರೊಬೋಟ್ ಓಡಿಸಿ ನೋಡುವ ಸಾಫ್ಟ್‌ವೇರ್) ಕಲಿಯಿರಿ, ಎರಡೂ ಉಚಿತ. ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ನೋಡಲು ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸು. ಕಾಲೇಜಿನಲ್ಲಿ ರೊಬೋಟಿಕ್ಸ್ ಮೈನರ್ (ನಿಮ್ಮ ಬ್ರಾಂಚ್ ಜೊತೆಗೇ ಓದುವ ಎರಡನೇ ವಿಷಯ) ಇದ್ದರೆ ಬಿಡಬೇಡಿ. ಸುಮಾರು 18–20 ಕ್ರೆಡಿಟ್ ಜಾಸ್ತಿ ಓದಬೇಕಾಗುತ್ತದೆ, ಶನಿವಾರಗಳು ಹೋದವು ಅಂದುಕೊಳ್ಳಿ.

ಪ್ರಾಜೆಕ್ಟ್ ಹುಡುಕಿಕೊಂಡು ದೂರ ಹೋಗುವುದೂ ಬೇಡ. ಸುಲಿದ ಅಡಿಕೆಯಲ್ಲಿ ಕೆಟ್ಟದ್ದನ್ನು ಕ್ಯಾಮೆರಾದಲ್ಲಿ ನೋಡಿ ಬೇರೆ ಬುಟ್ಟಿಗೆ ತಳ್ಳುವ ಚಿಕ್ಕ ಯಂತ್ರ ಮಾಡಿ ನೋಡಿ, ಅದರಲ್ಲಿ ಎಲ್ಲವೂ ಬರುತ್ತದೆ. ಮರ ಹತ್ತುವ ರೊಬೋಟ್ ಮಾತ್ರ ಈಗಲೇ ಬೇಡ, ಗಾಳಿಗೆ ಅಡಿಕೆ ಮರ ಓಲಾಡುವುದನ್ನು ನೀವೇ ನೋಡಿದ್ದೀರಲ್ಲ!

ಕನ್ನಡ ಮೀಡಿಯಂ ಬಗ್ಗೆ ಚಿಂತೆ ಬೇಡ. ಟಾರ್ಕ್‌ಗೆ ಮೀಡಿಯಂ ಇಲ್ಲ.

ಪ್ರಶ್ನೆ: ಹೊಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಕೋರ್ಸ್‌ಗೆ ದೊಡ್ಡ ಫೀಸು ಕೇಳುತ್ತಿದ್ದಾರೆ. ಸೇರಲೇ?

ಉತ್ತರ: ಲ್ಯಾಬ್ ನೋಡದೆ ದುಡ್ಡು ಕೊಡಬೇಡಿ. ನಿಜವಾದ ಪಿಎಲ್‌ಸಿ ಎಷ್ಟಿವೆ, ಒಂದರ ಮುಂದೆ ಎಷ್ಟು ಜನ ಕೂರುತ್ತಾರೆ, ಸೆನ್ಸರ್‌ನ ವೈರ್ ನೀವೇ ಜೋಡಿಸುತ್ತೀರಾ, ಇಷ್ಟು ಕೇಳಿ. ಅಷ್ಟರೊಳಗೆ ಕೋಡೆಸಿಸ್ ಸಾಫ್ಟ್‌ವೇರ್ ಉಚಿತವಾಗಿ ಇಳಿಸಿಕೊಂಡು ಲ್ಯಾಡರ್ (ಏಣಿಯಂಥ ಚಿತ್ರದಲ್ಲಿ ಬರೆಯುವ ಪಿಎಲ್‌ಸಿ ಪ್ರೋಗ್ರಾಂ) ಬರೆದು ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು. ಒಂದು ತಿಂಗಳು ಹಾಗೆ ಮಾಡಿ, ಆಮೇಲೂ ಕೋರ್ಸ್ ಬೇಕು ಅನಿಸಿದರೆ ಸೇರಿ.