ಸೆಷನ್ ಮುಗಿದಾಗ ಲಾಗಿನ್ ಪುಟ ಫ್ರೇಮಿನೊಳಗೇ ತೆರೆದುಕೊಳ್ಳುತ್ತಿದೆ, ಏನು ಮಾಡಲಿ?

ನಿಮ್ಮ ತೊಂದರೆ ನನಗೆ ಅರ್ಥವಾಗಿರುವುದು ಹೀಗೆ: ಮೇಲೊಂದು ಶೀರ್ಷಿಕೆ, ಎಡಕ್ಕೆ ಮೆನು, ಬಲಕ್ಕೆ ಮುಖ್ಯ ಪುಟ, ಒಟ್ಟು ಮೂರು ಫ್ರೇಮ್‌ಗಳ (ಒಂದೇ ವಿಂಡೋದಲ್ಲಿ ಬೇರೆಬೇರೆ ಪುಟ ತೋರಿಸುವ ಚೌಕಟ್ಟುಗಳ) ಹಳೆಯ ಜಾಲತಾಣ. ಸೆಷನ್, ಅಂದರೆ ಲಾಗಿನ್ ಆಗಿ ಉಳಿಯುವ ಅವಧಿ, ಮುಗಿದ ಮೇಲೆ ಮೆನುವಿನಲ್ಲಿ ಏನನ್ನು ಒತ್ತಿದರೂ ಸರ್ವರ್ 302 (‘ಬೇರೆ ವಿಳಾಸಕ್ಕೆ ಹೋಗು’ ಎನ್ನುವ ರೀಡೈರೆಕ್ಟ್ ಸಂಕೇತ) ಕಳುಹಿಸುತ್ತದೆ, ಲಾಗಿನ್ ಪುಟ ಬಂದು ಬಲಗಡೆಯ ಫ್ರೇಮಿನಲ್ಲಿ ಕೂರುತ್ತದೆ. ಪಾಸ್‌ವರ್ಡ್ ಕೊಟ್ಟರೆ ಇಡೀ ತಾಣ ಮೆನು ಸಮೇತ ಅದೇ ಫ್ರೇಮಿನೊಳಗೆ ಇನ್ನೊಮ್ಮೆ ತೆರೆದುಕೊಳ್ಳುತ್ತದೆ. ಪೂರ್ತಿ ವಿಂಡೋವನ್ನೇ ಬದಲಿಸುವ ರೀಡೈರೆಕ್ಟ್ ಹೆಡರ್ (ಕೋರಿಕೆ ಅಥವಾ ಉತ್ತರದ ಜೊತೆ ಹೋಗುವ ಸೂಚನಾ ಸಾಲು) ಯಾವುದು ಎಂದು ಕೇಳಿದ್ದೀರಿ.

ಅಂಥ ಹೆಡರ್ ಇಲ್ಲ. 301, 302, 303, 307, 308 ಇವುಗಳ ನಡುವಿನ ವ್ಯತ್ಯಾಸವೇ ಬೇರೆ: ವಿಳಾಸ ಬದಲಾದದ್ದು ಶಾಶ್ವತವೋ ತಾತ್ಕಾಲಿಕವೋ, ಪೋಸ್ಟ್ ಕೋರಿಕೆ (ಫಾರ್ಮ್ ತುಂಬಿ ಕಳುಹಿಸುವಂಥದ್ದು) ಪೋಸ್ಟ್ ಆಗಿಯೇ ಮುಂದುವರಿಯಬೇಕೋ ಬೇಡವೋ ಎಂಬುದಷ್ಟೇ. ಯಾವ ವಿಂಡೋ ಎಂಬ ಮಾತು ಅವುಗಳಲ್ಲಿ ಬರುವುದೇ ಇಲ್ಲ. ಕೇಳಿದವರಿಗೇ ಉತ್ತರ ಹೋಗುತ್ತದೆ. ನಿಮ್ಮಲ್ಲಿ ಕೇಳಿದ್ದು ಬಲಗಡೆಯ ಫ್ರೇಮ್, ಹೊಸ ವಿಳಾಸಕ್ಕೆ ಹೋಗುವುದೂ ಅದೊಂದೇ. ಮೆನುವಿಗಾಗಲಿ ಅಡ್ರೆಸ್ ಬಾರಿಗಾಗಲಿ ಸುದ್ದಿ ಮುಟ್ಟುವುದಿಲ್ಲ. ನೆಟ್‌ಸ್ಕೇಪ್ ಕಾಲದ ವಿಂಡೋ-ಟಾರ್ಗೆಟ್ ಎಂಬ ಹೆಡರನ್ನು ಕೆಲವರು ಇಂದಿಗೂ ಸೂಚಿಸುವುದುಂಟು. ಈಗಿನ ಬ್ರೌಸರ್‌ಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಪುಟದೊಳಗೇ ಬರೆದಿಡುವ ರೀಡೈರೆಕ್ಟ್ ಆದ ಮೆಟಾ ರಿಫ್ರೆಶ್ ಕೂಡ ತಾನಿರುವ ಫ್ರೇಮನ್ನು ಮಾತ್ರ ಕದಲಿಸುತ್ತದೆ.

ಹಾಗಾಗಿ ಈ ಕೆಲಸ ಪುಟದ ಒಳಗಿನಿಂದಲೇ ಆಗಬೇಕು. ನಾನಾದರೆ ಮೊದಲು ಲಾಗಿನ್ ಫಾರ್ಮಿನ ಟಾರ್ಗೆಟ್ ಗುಣಕ್ಕೆ ‘ಅಂಡರ್‌ಸ್ಕೋರ್ ಟಾಪ್’ (_top, ಅಂದರೆ ಇಡೀ ವಿಂಡೋ) ಎಂಬ ಬೆಲೆ ಕೊಡುತ್ತೇನೆ. ಜಾವಾಸ್ಕ್ರಿಪ್ಟ್ ಬೇಕಿಲ್ಲ, ಸರ್ವರ್ ಮುಟ್ಟಬೇಕಿಲ್ಲ. ಪಾಸ್‌ವರ್ಡ್ ಕಳುಹಿಸುವ ಕೋರಿಕೆ ಈಗ ಮೇಲಿನ ವಿಂಡೋದಿಂದಲೇ ಹೊರಡುವುದರಿಂದ, ಆಮೇಲೆ ಬರುವ ರೀಡೈರೆಕ್ಟೂ ಅಲ್ಲೇ ಜರುಗುತ್ತದೆ. ತಾಣದೊಳಗೆ ತಾಣ ಹುಟ್ಟುವ ಕಾಟ ಅಲ್ಲಿಗೇ ನಿಲ್ಲುತ್ತದೆ.

ಲಾಗಿನ್ ಪುಟವೇ ಫ್ರೇಮಿನೊಳಗೆ ಕಾಣಬಾರದು ಎಂದಾದರೆ ಆ ಪುಟದ ತಲೆಯಲ್ಲಿ ಪುಟ್ಟ ಸ್ಕ್ರಿಪ್ಟ್ ಬೇಕು: ವಿಂಡೋದ ‘ಟಾಪ್’ (ಎಲ್ಲಕ್ಕಿಂತ ಮೇಲಿನ ವಿಂಡೋ) ಮತ್ತು ‘ಸೆಲ್ಫ್’ (ಪುಟ ತಾನಿರುವ ಫ್ರೇಮ್) ಒಂದೇ ಅಲ್ಲದಿದ್ದರೆ, ಟಾಪ್‌ನ ಲೊಕೇಶನ್ ಮೇಲೆ ‘ರಿಪ್ಲೇಸ್’ ಕರೆದು ಲಾಗಿನ್ ವಿಳಾಸ ಕೊಡಿ. ವಿಳಾಸವನ್ನು ಆ ಲೊಕೇಶನ್ನಿನ ‘ಹೆಚ್‌ರೆಫ್’ಗೆ ಬರೆಯಬೇಡಿ. ಹಾಗೆ ಬರೆದರೆ ಬ್ರೌಸರಿನ ಇತಿಹಾಸದಲ್ಲಿ ಲಾಗಿನ್ ಹೊತ್ತ ಫ್ರೇಮಿನ ಸ್ಥಿತಿ ಹಾಗೆಯೇ ಉಳಿದಿರುತ್ತದೆ. ಬಳಕೆದಾರರು ಹಿಂದಕ್ಕೆ ಹೋಗಲು ಒತ್ತಿದಾಗ ಅದೇ ಸ್ಕ್ರಿಪ್ಟ್ ಮತ್ತೆ ಓಡಿ ಅವರನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಿದಷ್ಟೂ ಅದೇ ಕಥೆ.

ಆದರೆ ಈ ಸ್ಕ್ರಿಪ್ಟ್ ಕೈಕೊಡುವ ಒಂದು ಸಂದರ್ಭವಿದೆ. ಲಾಗಿನ್ ಬೇರೆ ಡೊಮೇನಿನಲ್ಲಿದ್ದು, ಆ ಸರ್ವರ್ ಎಕ್ಸ್-ಫ್ರೇಮ್-ಆಪ್ಶನ್ಸ್ ಹೆಡರಿನಿಂದಲೋ ಸಿಎಸ್‌ಪಿಯ (ಪುಟದ ಭದ್ರತಾ ನೀತಿಯ) ಫ್ರೇಮ್-ಆನ್ಸೆಸ್ಟರ್ಸ್ ನಿಯಮದಿಂದಲೋ ಫ್ರೇಮುಗಳನ್ನು ನಿಷೇಧಿಸಿದ್ದರೆ, ಲಾಗಿನ್ ಪುಟ ತೆರೆದುಕೊಳ್ಳುವುದೇ ಇಲ್ಲ. ಅದರೊಳಗಿನ ಸ್ಕ್ರಿಪ್ಟ್ ಓಡುವ ಮಾತೆಲ್ಲಿ? ಬಲಗಡೆ ಖಾಲಿ ಜಾಗವೋ ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬಂಥ ಸಂದೇಶವೋ ಕಾಣುತ್ತದೆ. ಇದಕ್ಕೆ ಗಟ್ಟಿ ಪರಿಹಾರವೆಂದರೆ ಫ್ರೇಮಿನ ಕೋರಿಕೆಗೆ 302 ಕೊಡದಿರುವುದು. ಅದರ ಬದಲು ನಿಮ್ಮದೇ ಸರ್ವರಿನಿಂದ ನಾಲ್ಕು ಸಾಲಿನ ಮಧ್ಯವರ್ತಿ ಪುಟ ಕಳುಹಿಸಿ. ಮೇಲಿನ ವಿಂಡೋವನ್ನು ಲಾಗಿನ್‌ಗೆ ಒಯ್ಯುವ ಸ್ಕ್ರಿಪ್ಟೂ, ಸ್ಕ್ರಿಪ್ಟ್ ಓಡದವರಿಗಾಗಿ ‘ಅಂಡರ್‌ಸ್ಕೋರ್ ಟಾಪ್’ ಟಾರ್ಗೆಟ್ ಇರುವ ಒಂದು ಕೊಂಡಿಯೂ ಅದರಲ್ಲಿರಲಿ. ಮಧ್ಯವರ್ತಿ ಪುಟವೂ ಫ್ರೇಮ್‌ಸೆಟ್ಟೂ (ಮೂರು ಫ್ರೇಮ್‌ಗಳನ್ನು ಜೋಡಿಸುವ ಹೊರಪುಟ) ಒಂದೇ ಮೂಲದವಾದ್ದರಿಂದ ಬ್ರೌಸರ್ ತಕರಾರು ತೆಗೆಯುವುದಿಲ್ಲ. ಹೊರಗಿನವರ ಪುಟದೊಳಗಿನ ಐಫ್ರೇಮ್ ಎಂಬ ಚೌಕಟ್ಟಿನಲ್ಲಿ ನಿಮ್ಮ ಪುಟ ಕೂತಿದ್ದರೆ ಮಾತು ಬೇರೆ: ಬಳಕೆದಾರರು ಒಳಗೆ ಏನನ್ನೂ ಒತ್ತದೆ ಮೇಲಿನ ವಿಂಡೋ ಬದಲಿಸಲು ಕ್ರೋಮ್ ಬಿಡುವುದಿಲ್ಲ, ಸ್ಯಾಂಡ್‌ಬಾಕ್ಸ್ ಎಂಬ ನಿರ್ಬಂಧ ಹಾಕಿದ್ದರೆ ಅದರಲ್ಲಿ ಪ್ರತ್ಯೇಕ ಅನುಮತಿಯೂ ಬೇಕು.

ಕೋರಿಕೆ ಫ್ರೇಮಿನಿಂದ ಬಂತೆಂದು ಸರ್ವರಿಗೆ ತಿಳಿಯುವುದು ಹೇಗೆ? ಈಚಿನ ಬ್ರೌಸರ್‌ಗಳು ಸೆಕ್-ಫೆಚ್-ಡೆಸ್ಟ್ ಎಂಬ ಹೆಡರ್ ಕಳುಹಿಸುತ್ತವೆ. ಅದರ ಬೆಲೆ ‘ಡಾಕ್ಯುಮೆಂಟ್’, ‘ಫ್ರೇಮ್’ ಅಥವಾ ‘ಐಫ್ರೇಮ್’ ಎಂದಿರುತ್ತದೆ. ಕ್ರೋಮ್‌ನಲ್ಲಿ ಇದು 2020ರಿಂದ, ಸಫಾರಿಯಲ್ಲಿ 2023ರಿಂದ ಇದೆ. ಹೆಡರ್ ಬರದ ಹಳೆಯ ಬ್ರೌಸರಿಗೂ ಮಧ್ಯವರ್ತಿ ಪುಟವನ್ನೇ ಕೊಡಿ, ನಷ್ಟವೇನಿಲ್ಲ. ಆ ಪುಟಕ್ಕೆ ‘ನೋ-ಸ್ಟೋರ್’ (ಉಳಿಸಿಟ್ಟುಕೊಳ್ಳಬೇಡ) ಎಂಬ ಕ್ಯಾಶ್ ಸೂಚನೆ ಮಾತ್ರ ಖಂಡಿತ ಇರಲಿ, ಇಲ್ಲದಿದ್ದರೆ ಲಾಗಿನ್ ಆದ ಮೇಲೂ ಅದೇ ಎದುರಾಗಬಹುದು.

ಲಾಗಿನ್ ಆದವರನ್ನು ಅವರು ಒತ್ತಿದ್ದ ಪುಟಕ್ಕೇ ಮುಟ್ಟಿಸುವ ಆಸೆ ಇದ್ದರೆ, ಒಳಪುಟದ ವಿಳಾಸವನ್ನು ಜೊತೆಗೆ ಸಾಗಿಸಿ, ಕೊನೆಗೆ ಫ್ರೇಮ್‌ಸೆಟ್ ಅದನ್ನು ಬಲಗಡೆ ತೆರೆಯುವಂತೆ ಮಾಡಬೇಕು. ಇಲ್ಲಿ ಮೈಯೆಲ್ಲಾ ಕಣ್ಣಾಗಿರಬೇಕು. ಬಂದ ವಿಳಾಸವನ್ನು ಕಣ್ಣುಮುಚ್ಚಿ ಫ್ರೇಮಿಗೆ ಕೊಟ್ಟರೆ, ನಿಮ್ಮ ಹೆಸರಿನ ಚೌಕಟ್ಟಿನಲ್ಲಿ ಯಾರು ಬೇಕಾದರೂ ತಮ್ಮ ನಕಲಿ ಪುಟ ತೋರಿಸಬಹುದು. ಒಂದು ಓರೆಗೀಟಿನಿಂದ ಶುರುವಾದರೆ ಸಾಕೆಂದುಕೊಳ್ಳಬೇಡಿ, ಎರಡು ಓರೆಗೀಟಿನಿಂದ ಶುರುವಾದದ್ದು ಬೇರೆ ಡೊಮೇನಿಗೆ ಹೋಗುತ್ತದೆ. ‘ಜಾವಾಸ್ಕ್ರಿಪ್ಟ್’ ಎಂದು ಶುರುವಾದದ್ದಂತೂ ನಿಮ್ಮ ತಾಣದ ಒಳಗೇ ಓಡುತ್ತದೆ. ಪುಟಗಳ ಹೆಸರುಗಳ ಪಟ್ಟಿ ಇಟ್ಟುಕೊಂಡು, ಅದರಲ್ಲಿರುವುದನ್ನು ಮಾತ್ರ ತೆರೆಯುವುದು ನನಗೆ ಒಪ್ಪುವ ದಾರಿ.

ಫ್ರೇಮ್‌ಸೆಟ್ಟನ್ನೇ ಕಿತ್ತುಹಾಕಿ ಎಂದು ಬೇರೆಯವರು ಹೇಳಿಯೇ ಹೇಳುತ್ತಾರೆ. 2014ರ ಎಚ್‌ಟಿಎಂಎಲ್5 ಅದನ್ನು ಹಳತೆಂದು ಸಾರಿದ್ದು ನಿಜ, ಆದರೆ ಬ್ರೌಸರ್‌ಗಳು ಇನ್ನೂ ತೋರಿಸುತ್ತವೆ. ಇದೊಂದು ತೊಂದರೆಗಾಗಿ ತಾಣವನ್ನೇ ಹೊಸದಾಗಿ ಬರೆಯಬೇಕಿಲ್ಲ. ಎಂದಾದರೂ ಬರೆದಾಗ ಹಳೆಯ ಒಳಪುಟ ಒಂದೊಂದಕ್ಕೂ ಬೇರೆಬೇರೆ 301 (ಶಾಶ್ವತ ರೀಡೈರೆಕ್ಟ್) ಹಾಕಿ. ಹುಡುಕು ಎಂಜಿನ್‌ಗಳು ಪಟ್ಟಿ ಮಾಡಿಟ್ಟುಕೊಂಡಿರುವುದು ಆ ಒಳಪುಟಗಳನ್ನು.

ಬದಲಾವಣೆ ಮಾಡಿದ ಮೇಲೆ ಡೆವಲಪರ್ ಟೂಲ್ಸ್‌ನಲ್ಲಿ ಸೆಷನ್ ಕುಕಿಯನ್ನು ಅಳಿಸಿ, ಮೆನುವಿನ ಒಂದು ಕೊಂಡಿ ಒತ್ತಿ, ಲಾಗಿನ್ ಆಗಿ, ಬಳಿಕ ಹಿಂದಕ್ಕೆ ಎರಡು ಸಲ ಹೋಗಿ ನೋಡಿ. ಎಲ್ಲಾದರೂ ಮತ್ತೆ ಫ್ರೇಮಿನೊಳಗೆ ಲಾಗಿನ್ ಕಂಡರೆ, ಆ ಕೋರಿಕೆಗೆ ಬಂದ ಹೆಡರ್‌ಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ.