ಫ್ರೀಬಿಎಸ್‌ಡಿ ಸೋರ್ಸ್ ನವೀಕರಿಸುವಾಗ ಯಾವ ಟ್ಯಾಗ್ ಆಯ್ದುಕೊಳ್ಳಬೇಕು?

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ 14.3 ಆವೃತ್ತಿ ಓಡುತ್ತಿರುವ ನಿಮ್ಮ ಕಚೇರಿಯ ಸರ್ವರಿಗೆ ಸೋರ್ಸ್ (ಅದರ ಮೂಲ ಪ್ರೋಗ್ರಾಂ ಬರಹ) ತರಿಸುವಾಗ, ಟ್ಯಾಗ್ ಆಗಿ, ಅಂದರೆ ಯಾವ ಕವಲು ಅಥವಾ ಆವೃತ್ತಿ ಬೇಕೆಂಬ ಗುರುತಾಗಿ, ‘ಮೇನ್’, ‘ಸ್ಟೇಬಲ್/14’, ‘ರಿಲೀಸ್/14.3.0’ ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಹಿಂದೊಮ್ಮೆ ನಾನು ಇಂಥದನ್ನು ಯಾರನ್ನೂ ಕೇಳದೆ ನಿರ್ಧರಿಸಿದ್ದೆ.

2007ರ ಬೇಸಿಗೆಯಲ್ಲಿ ಗದಗಿನ ಒಂದು ಮುದ್ರಣಾಲಯದ ಫೈಲ್ ಸರ್ವರನ್ನು ಹುಬ್ಬಳ್ಳಿಯಿಂದ ಹೋಗಿ ಬಂದು ನೋಡಿಕೊಳ್ಳುತ್ತಿದ್ದೆ. ಅದರಲ್ಲಿ 6.2 ಇತ್ತು, ಸೋರ್ಸನ್ನು ಸಿವಿಎಸ್‌ಅಪ್ ಎಂಬ ಅಂದಿನ ಸಾಧನದ ಮೂಲಕ ತರಿಸಿಕೊಳ್ಳಬೇಕಿತ್ತು. ಪೋರ್ಟ್ಸ್ (ಹೊರಗಿನ ತಂತ್ರಾಂಶಗಳನ್ನು ಹಾಕಿಕೊಳ್ಳುವ ಸಂಗ್ರಹ) ತರಿಸಲು ನಾನು ಬರೆದಿಟ್ಟಿದ್ದ ಫೈಲಿನಲ್ಲಿ ಟ್ಯಾಗ್ ಎಂಬಲ್ಲಿ ಬರೀ ಒಂದು ಚುಕ್ಕಿ ಇತ್ತು. ಪೋರ್ಟ್ಸ್‌ಗೆ ಕವಲುಗಳೇ ಇರದ ಕಾರಣ ಅಲ್ಲಿ ಚುಕ್ಕಿಯೇ ಸರಿ. ಬೇರೆ ಟ್ಯಾಗ್ ಕೊಟ್ಟರೆ ಇದ್ದ ಫೈಲುಗಳೂ ಅಳಿಸಿಹೋಗುತ್ತಿದ್ದವು. ಮೂಲ ವ್ಯವಸ್ಥೆಯ ಸೋರ್ಸಿಗಾಗಿ ಅದೇ ಫೈಲನ್ನು ನಕಲು ಮಾಡಿ, ಸಂಗ್ರಹದ ಹೆಸರನ್ನು ಮಾತ್ರ ಬದಲಿಸಿ, ಚುಕ್ಕಿಯನ್ನು ಹಾಗೆಯೇ ಬಿಟ್ಟೆ. ಚುಕ್ಕಿ ಎಂದರೆ ‘ಈ ಯಂತ್ರಕ್ಕೆ ಹೊಂದುವ ಹೊಸದು’ ಎಂದು ನಾನು ತಿಳಿದಿದ್ದೆ. ಮೂಲ ವ್ಯವಸ್ಥೆಯ ಸೋರ್ಸಿನಲ್ಲಿ ಅದರ ಅರ್ಥ, ಇನ್ನೂ ಕಟ್ಟುತ್ತಲೇ ಇದ್ದ ‘ಕರೆಂಟ್’, ಅಂದರೆ ಅಂದಿನ 7. ಬರೆಯಬೇಕಾಗಿದ್ದುದು ‘ರೆಲೆಂಗ್_6_2’. ಎಲ್ಲಿಯೂ ದೋಷದ ಸೂಚನೆ ಬರಲಿಲ್ಲ. ರಾತ್ರಿಯಿಡೀ ಬಿಲ್ಡ್ ಆಗಿ, ಇನ್‌ಸ್ಟಾಲ್ ಕೂಡ ಸುಸೂತ್ರವಾಗಿ ಮುಗಿಯಿತು.

ಬೆಳಿಗ್ಗೆ ಸರ್ವರ್ ತನ್ನನ್ನು 7.0-ಕರೆಂಟ್ ಎಂದು ಹೇಳಿಕೊಂಡಿತು. ಅಭಿವೃದ್ಧಿಕಾರರಿಗಾಗಿ ಕರ್ನಲ್‌ನಲ್ಲಿ (ವ್ಯವಸ್ಥೆಯ ತಿರುಳಿನಲ್ಲಿ) ಇಟ್ಟಿದ್ದ ವಿಟ್ನೆಸ್, ಇನ್ವೇರಿಯಂಟ್ಸ್ ತಪಾಸಣೆಗಳು ಚಾಲೂ ಇದ್ದುದರಿಂದ ಲಗ್ನಪತ್ರಿಕೆಯ ಫೈಲುಗಳು ತೆರೆಯಲು ತಿಣುಕಿದವು, ಯಂತ್ರ ಎರಡು ಸಲ ನಿಂತೇಹೋಯಿತು. ಹೊಸ ಆವೃತ್ತಿಯ ಮೇಲೆ ಹಳೆಯದನ್ನು ಸೋರ್ಸಿನಿಂದ ಹೇರಿ ಹಿಂದಿರುಗುವ ದಾರಿಗೆ ಬೆಂಬಲವಿಲ್ಲ, ಸಿಡಿಯಿಂದ 6.2 ಹೊಸದಾಗಿ ಹಾಕಿ ಬ್ಯಾಕಪ್‌ನಿಂದ ಫೈಲುಗಳನ್ನು ಮರಳಿಸಿದೆ. ಮದುವೆಯ ಕಾಲದಲ್ಲಿ ಎರಡು ದಿನ ಕೆಲಸ ನಿಂತಿತು. ಮಾಲೀಕರು ನನಗೆ ಒಂದು ಮಾತೂ ಅನ್ನದೆ ಗಿರಾಕಿಗಳಿಗೆ ತಾವೇ ಉತ್ತರ ಕೊಟ್ಟರು. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಆದ್ದರಿಂದ ನಿಮ್ಮ ಮೂರೂ ಆಯ್ಕೆಗಳನ್ನು ನಾನು ಒಪ್ಪುವುದಿಲ್ಲ. ‘ಮೇನ್’ ಎಂಬುದು ಅಂದಿನ ಆ ಚುಕ್ಕಿಯೇ. ‘ಸ್ಟೇಬಲ್’ ಹೆಸರಿಗೆ ಸ್ಥಿರವಾದರೂ ಅದೂ ಅಭಿವೃದ್ಧಿಯ ಕವಲೇ. ‘ರಿಲೀಸ್/14.3.0’ ಬಿಡುಗಡೆಯ ಕ್ಷಣದಲ್ಲಿಯೇ ನಿಂತಿದೆ, ಆಮೇಲಿನ ಭದ್ರತಾ ತಿದ್ದುಪಡಿಗಳು ಅದಕ್ಕೆ ಸೇರುವುದಿಲ್ಲ. ನೀವು ‘ರೆಲೆಂಗ್/14.3’ ತೆಗೆದುಕೊಳ್ಳಿ, ಅದು 14.3ಕ್ಕೆ ಆ ಬಗೆಯ ತಿದ್ದುಪಡಿಗಳು ಸೇರುವ ಕವಲು. ಬಿಲ್ಡ್‌ಗೆ ಮೊದಲು ಸೋರ್ಸಿನಲ್ಲಿ ಎಚ್ಚರಿಕೆಯ ಮಾತುಗಳಿರುವ ‘ಅಪ್‌ಡೇಟಿಂಗ್’ ಫೈಲನ್ನೂ, ಆವೃತ್ತಿಯ ಹೆಸರಿರುವ ‘ನ್ಯೂವರ್ಸ್’ ಫೈಲಿನಲ್ಲಿರುವ ರಿವಿಷನ್, ಬ್ರಾಂಚ್ ಸಾಲುಗಳನ್ನೂ ಓದಿರಿ. ಅಲ್ಲಿ ‘ಕರೆಂಟ್’ ಅಥವಾ ‘ಸ್ಟೇಬಲ್’ ಕಂಡರೆ ಕೈ ತಡೆಯಿರಿ. ಕರ್ನಲ್‌ನಲ್ಲಿ ನೀವು ಏನನ್ನೂ ಬದಲಿಸಿಲ್ಲವಾದರೆ ಸೋರ್ಸಿನ ಗೊಡವೆಯೇ ಬೇಡ, ಸಿದ್ಧ ತಿದ್ದುಪಡಿಗಳನ್ನು ತಂದು ಹಾಕುವ ‘ಫ್ರೀಬಿಎಸ್‌ಡಿ-ಅಪ್‌ಡೇಟ್’ ಸಾಕು.