ಗುಂಪಿಗೆ ಸೇರದ ಮರಿಯ ಸಾಹಸಕಥೆಯನ್ನು ಹೇಗೆ ಮುಗಿಸಬೇಕು?

ತುಂಗಭದ್ರೆಯ ನೀರುನಾಯಿ ಕುಟುಂಬದಲ್ಲಿ ಹುಟ್ಟಿಯೂ ನೀರಿಗಿಳಿಯಲು ಹೆದರುವ ಮರಿಯೊಂದರ ಸಚಿತ್ರ ಸಾಹಸಕಥೆಯನ್ನು ಆರರಿಂದ ಎಂಟು ವರ್ಷದ ಮಕ್ಕಳಿಗಾಗಿ ಬರೆದಿದ್ದೀರಿ. ಎಲ್ಲರ ನಗೆಗೆ ಗುರಿಯಾದ ಆ ಮರಿ ಕೊನೆಗೆ ಬಲೆಗೆ ಸಿಕ್ಕ ಒಡಹುಟ್ಟಿದವರನ್ನು ಬಿಡಿಸುತ್ತದೆ, ಆಗ ಗುಂಪು ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಈ ಮುಕ್ತಾಯ ಸರಿಯೇ ಎಂಬುದು ನಿಮ್ಮ ಪ್ರಶ್ನೆ. ಸಾಹಸವೂ ಇರಲಿ, ಬಲೆಯೂ ಇರಲಿ. ಆದರೆ ಗುಂಪು ಮರಿಯನ್ನು ಒಪ್ಪಿಕೊಳ್ಳುವ ಗಳಿಗೆ ಆ ಸಾಹಸಕ್ಕಿಂತ ಮೊದಲೇ ಬರಬೇಕು. ಮಕ್ಕಳ ಪುಸ್ತಕಗಳ ಹಸ್ತಪ್ರತಿಗಳನ್ನು ತಿದ್ದುತ್ತಾ ಬಂದಂತೆ ನನ್ನಲ್ಲಿ ಗಟ್ಟಿಯಾದ ನಂಬಿಕೆ ಇದು.

ನೀವು ಆರಿಸಿಕೊಂಡ ಮುಕ್ತಾಯಕ್ಕೆ ಬಹಳ ಪ್ರಸಿದ್ಧವಾದ ಮಾದರಿಯೊಂದಿದೆ. 1939ರಲ್ಲಿ ಷಿಕಾಗೋದ ಮಾಂಟ್ಗೊಮರಿ ವಾರ್ಡ್ ಮಳಿಗೆ ಕ್ರಿಸ್‌ಮಸ್ ಸಮಯದಲ್ಲಿ ಉಚಿತವಾಗಿ ಹಂಚಲೆಂದು, ತನ್ನ ನೌಕರ ರಾಬರ್ಟ್ ಮೇ ಅವರಿಂದ ಹೊಳೆಯುವ ಕೆಂಪು ಮೂಗಿಗಾಗಿ ಜೊತೆಯವರ ನಗೆಗೆ ಗುರಿಯಾದ ಹಿಮಸಾರಂಗ ರುಡಾಲ್ಫನ ಕಥೆಯನ್ನು ಬರೆಸಿತು. ಕೆಂಪು ಮೂಗು ಓದುಗರಿಗೆ ಕುಡುಕರನ್ನು ನೆನಪಿಸೀತು ಎಂದು ಮೇಲಧಿಕಾರಿ ಅಳುಕಿದಾಗ, ಮೇ ಅವರು ಚಿತ್ರಕಾರ ಡೆನ್ವರ್ ಗಿಲೆನ್ ಅವರನ್ನು ಮೃಗಾಲಯಕ್ಕೆ ಕರೆದೊಯ್ದು ಜಿಂಕೆಗಳ ರೇಖಾಚಿತ್ರ ಬರೆಸಿದರು. ಮಾತಿಗೆ ಸಿಗದ ಒಪ್ಪಿಗೆ ಚಿತ್ರಕ್ಕೆ ಸಿಕ್ಕಿತು. ಆ ವರ್ಷವೇ ಸುಮಾರು 24 ಲಕ್ಷ ಪ್ರತಿಗಳು ಹಂಚಿಹೋದವು. ಕಥೆಯ ಓಟ ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಂಜು ಕವಿದ ರಾತ್ರಿ ಸಾಂತಾ ಕ್ಲಾಸನಿಗೆ ದಾರಿ ಕಾಣಲು ಆ ಮೂಗಿನ ಬೆಳಕು ಬೇಕಾದದ್ದರಿಂದಲೇ ರುಡಾಲ್ಫನಿಗೆ ಮರ್ಯಾದೆ ಬಂತು. ಮುಂದಿನ ವರ್ಷ ಮಂಜು ಬೀಳದಿದ್ದರೆ ಆ ಗೆಳೆತನ ಉಳಿಯುತ್ತಿತ್ತೇ? ತರಗತಿಯ ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂರುವ ಮಗು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆ ಇರಬಹುದು, ಆದರೆ ಯಾರ ಪ್ರಾಣವನ್ನೂ ಉಳಿಸುವ ಅವಕಾಶ ಅದಕ್ಕೆ ಸಿಗುವುದಿಲ್ಲವಲ್ಲ. ಅಂಥ ಮಗುವಿಗೆ ನಮ್ಮ ಕಥೆ ಶರತ್ತು ಹಾಕಬಾರದು.

ಡೇವಿಡ್ ಮೆಕ್ಕೀ ಅವರ 1968ರ ಚಿತ್ರಪುಸ್ತಕ ‘ಎಲ್ಮರ್’ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ಬಣ್ಣಬಣ್ಣದ ಚೌಕಗಳಿರುವ ಆನೆ ತನ್ನ ಬಣ್ಣದಿಂದಲೇ ಬೇಸತ್ತು ಕಾಡಿಗೆ ಹೋಗಿ, ಬೂದುಬಣ್ಣದ ಹಣ್ಣುಗಳ ಮೇಲೆ ಹೊರಳಾಡಿ, ಉಳಿದ ಆನೆಗಳಂತೆಯೇ ಆಗಿ ಹಿಂಡಿಗೆ ಮರಳುತ್ತದೆ. ಹೋಗುವಾಗ ಹೆಸರು ಹಿಡಿದು ಮಾತಾಡಿಸಿದ ಪ್ರಾಣಿಗಳು ಬರುವಾಗ ಬರೀ ‘ಆನೆ’ ಎಂದು ಕರೆಯುತ್ತವೆ. ಹಿಂಡು ಎಲ್ಮರನನ್ನು ಮೊದಲಿನಿಂದಲೂ ಪ್ರೀತಿಸುತ್ತಿತ್ತು, ಅದನ್ನು ಕಾಣದಿದ್ದದ್ದು ಎಲ್ಮರ್ ಮಾತ್ರ. ಎಲ್ಲವೂ ಬೂದುಬಣ್ಣವಾಗಿರುವ ಪುಟದಲ್ಲಿ ಎಲ್ಮರನನ್ನು ಹುಡುಕುವ ಕೆಲಸ ಮಗುವಿನ ಕಣ್ಣಿಗೇ ಬೀಳುತ್ತದೆ; ಯಾವ ವಿವರಣೆಯೂ ಇಲ್ಲದೆ ಕಥೆ ಮನಸ್ಸಿಗಿಳಿಯುವುದು ಅಲ್ಲಿಯೇ.

ಇನ್ನು ನಿಮ್ಮ ಮರಿಯ ವಿಷಯ. ನಿಜವಾದ ನೀರುನಾಯಿಗಳ ಬದುಕೇ ನಿಮಗೆ ಬೇಕಾದ ತಿರುವನ್ನು ಕೊಡುತ್ತದೆ. ಅವುಗಳ ಮರಿಗಳು ಕಣ್ಣು ಮುಚ್ಚಿಕೊಂಡು, ಈಜು ಬಾರದೆಯೇ ಹುಟ್ಟುತ್ತವೆ. ಹಿರಿಯರು ಅವನ್ನು ನೀರಿಗೆ ಎಳೆದೊಯ್ದು ಅಭ್ಯಾಸ ಮಾಡಿಸುತ್ತಾರೆ, ಅಲ್ಲಿಯವರೆಗೆ ಮೀನು ತಂದುಕೊಡುತ್ತಾರೆ. ಅಂದರೆ ಈಗ ಧುಮುಕಿ ಆಡುವ ಅಕ್ಕ ಅಣ್ಣಂದಿರೆಲ್ಲರೂ ಒಂದು ಕಾಲಕ್ಕೆ ಹೆದರಿದವರೇ. ಕಥೆಯ ನಡುವೆ, ನಗುತ್ತಿದ್ದ ಅಕ್ಕ ತಾನು ಹಿಡಿದ ಮೀನನ್ನು ಬಂಡೆಯ ಮೇಲಿನ ಮರಿಯ ಮುಂದೆ ತಂದಿಟ್ಟು ತಿರುಗಿ ನೀರಿಗಿಳಿಯಲಿ. ಆಮೇಲೆ ಬಲೆ ಬರಲಿ. ಆಗ ಮರಿ ನೀರಿಗಿಳಿಯುವುದು ಮೆಚ್ಚುಗೆ ಗಳಿಸಲಿಕ್ಕಲ್ಲ, ಅಕ್ಕನಿಗಾಗಿ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಹೆದರಿಕೆ ಪೂರ್ತಿ ಹೋಗಬೇಕೆಂದೂ ಇಲ್ಲ. ಮರುದಿನ ಮರಿ ಮತ್ತೆ ದಡದಲ್ಲೇ ಕುಳಿತಿದ್ದರೂ ಅದರ ಪಾಲಿನ ಮೀನು ಬರಬೇಕು.

ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟದವು. ಮುದ್ರಣದಲ್ಲಿ ಹಾಳೆ ಎಂಟು, ಹದಿನಾರು ಪುಟಗಳಾಗಿ ಮಡಚಿಕೊಳ್ಳುವುದು ಇದಕ್ಕೆ ಕಾರಣ. ಶೀರ್ಷಿಕೆ, ಪ್ರಕಾಶಕರ ವಿವರ ಕಳೆದರೆ ಕಥೆಗೆ ಸುಮಾರು ಹದಿನಾಲ್ಕು ಜೋಡಿಪುಟಗಳು ಉಳಿಯುತ್ತವೆ. ಅವುಗಳಲ್ಲಿ ಒಂದನ್ನು ಇಡಿಯಾಗಿ ಆ ಮೀನಿನ ದೃಶ್ಯಕ್ಕೆ ಬಿಡಿ, ಅಲ್ಲಿ ಒಂದು ಪದವನ್ನೂ ಬರೆಯಬೇಡಿ. “ಅಂದಿನಿಂದ ಎಲ್ಲರೂ ಅವನನ್ನು ಪ್ರೀತಿಸತೊಡಗಿದರು” ಎಂಬಂಥ ವಾಕ್ಯ ನಿಮ್ಮ ಕೊನೆಯ ಪುಟದಲ್ಲಿದ್ದರೆ ದಯವಿಟ್ಟು ತೆಗೆದುಹಾಕಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಸಾಧ್ಯವಾದರೆ ಚಿತ್ರ ಬರೆಯುವವರು ಆ ದಡವನ್ನು, ಅಲ್ಲಿನ ಬಂಡೆಗಳನ್ನು, ಜೊಂಡನ್ನು ಒಮ್ಮೆ ನೋಡಿಬಂದು ಕರಡು ಚಿತ್ರಗಳನ್ನು ಮಾಡಲಿ, ಮಾತುಗಳನ್ನು ನೀವು ಅದಾದ ಮೇಲೆ ತಿದ್ದಿ.